ಇಲ್ಲದ ಮೂಗಿಗೊಂದು ನತ್ತು

ನಮ್ಮ ಕಾರಿನಲ್ಲಿ ಎ.ಸಿ. ಗುಂಡಿ ಒತ್ತಿದರೆ ಮೊದಲು ಬರುವುದು ಸೀನು. ತಂಪು ಆಮೇಲೆ, ಬಂದರೆ ಬಂತು. ಮೊದಲ ಸೀನು ಹಿಂದಿನ ಸೀಟಿನಲ್ಲಿ ಕೂತ ಅವ್ವನದು. ಅವಳದು ಹಳೇ ಕಾಲದ ಗಟ್ಟಿ ಸೀನು, ರಸ್ತೆ ಬದಿಯ ಎಮ್ಮೆ ಮೇಯುವುದು ಬಿಟ್ಟು ತಲೆ ಎತ್ತುತ್ತದೆ. ಎರಡನೆಯದು ಹೆಂಡತಿಯದು, ಸೆರಗಿನೊಳಗೇ ಹುಟ್ಟಿ ಸೆರಗಿನೊಳಗೇ ಮುಗಿಯುವಂಥದ್ದು. ಮೂರನೆಯದು ನನ್ನದು. ಸ್ಟೇರಿಂಗ್ ಹಿಡಿದವನು ಸೀನಿದರೆ ಕಣ್ಣು ಮುಚ್ಚುತ್ತದೆ. ಕಣ್ಣು ಮುಚ್ಚಿದರೆ ಎದುರಿನ ಗೋವಿನಜೋಳದ ಟ್ರ್ಯಾಕ್ಟರು ಕಾಣುವುದಿಲ್ಲ. ಟ್ರ್ಯಾಕ್ಟರಿನವನ ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂಬ ಲೆಕ್ಕ ಅವ್ವನಿಗೆ ಬಾಯಿಪಾಠ. ಮೂರಕ್ಕೆ ಶಾಸ್ತ್ರ ಏನು ಹೇಳುತ್ತದೆಂದು ತಿಳಿಯದೆ ಪ್ರತಿ ಸಲ ಕಾರು ನಿಲ್ಲಿಸಿ, ಎಲ್ಲರಿಗೂ ನೀರು ಕುಡಿಸಿ, ಆಮೇಲೆ ಹೊರಡಿಸುತ್ತಿದ್ದಳು. ಚಿಗಳ್ಳಿಯಿಂದ ಮುಂಡಗೋಡ ಮುಟ್ಟುವಷ್ಟರಲ್ಲಿ ಒಂದು ಬಾಟಲಿ ನೀರು ಖಾಲಿ.

ಸೀನು ಬರೀ ಪೀಠಿಕೆ. ಹಿಂದೆಯೇ ವಾಸನೆ. ನೆನೆದ ಗೋಣಿಚೀಲ, ಮುಚ್ಚಳ ತೆಗೆಯದ ಹೋದ ವರ್ಷದ ಹಪ್ಪಳದ ಡಬ್ಬಿ, ಆಷಾಢದಲ್ಲಿ ನಾಲ್ಕು ದಿನವಾದರೂ ಒಣಗದ ಬನಿಯನ್ನು, ಈ ಮೂರನ್ನೂ ಒಂದೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದರೆ ಹೇಗೋ ಹಾಗೆ. ಈ ವಾಸನೆಯ ಮೂಲದ ಬಗ್ಗೆ ಮನೆಯಲ್ಲಿ ಮೂರು ಮತಗಳು ಹುಟ್ಟಿದ್ದವು. ನನ್ನ ಕಾಲುಚೀಲ ಎಂಬುದು ಹೆಂಡತಿಯ ಮತ. ಅವ್ವ ಮಂಡಿಗೆ ಹಚ್ಚುವ ವಾತದ ಎಣ್ಣೆ ಎಂಬುದು ನನ್ನ ಮತ, ಆದರೆ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂಬುದು ಅವ್ವನ ಮತ. ಅವಳು ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ವಾಸನೆ ಹಾಗೇ ಉಳಿಯಿತು, ನಿಂಬೆಹಣ್ಣು ಕೊಳೆತು ಅದಕ್ಕೆ ಇನ್ನಷ್ಟು ಕಳೆ ಕೊಟ್ಟಿತು.

ಹೆಂಡತಿ ಆಮೇಲೆ ಮತಾಂತರಗೊಂಡಳು. "2019ರಾಗ ಡ್ಯಾಮ್ ಒಡದಾಗ ನೋಡಾಕ ಅಂತ ಕಾರ್ ತಗೊಂಡು ಓಡಿ ಹೋಗಿದ್ರಲ್ಲ, ಆ ಕೆಸರಿನ ವಾಸನಿ ಇದು" ಎಂದಳು. ಆ ವರ್ಷ ಆಗಸ್ಟಿನ ಮಳೆಗೆ ಚಿಗಳ್ಳಿ ಜಲಾಶಯದ ಒಡ್ಡು ಒಡೆದದ್ದು ಹೌದು, ನಾನು ಓಡಿದ್ದೂ ಹೌದು. ಆದರೆ ಆರು ವರ್ಷದ ಹಿಂದಿನ ಕೆಸರು ಈಗ ನಾರುತ್ತದೆ ಎಂದರೆ ಹೆಂಡತಿಯ ನೆನಪಿನ ಶಕ್ತಿಯನ್ನು ಮೆಚ್ಚಬೇಕೋ, ಮೂಗಿನ ಶಕ್ತಿಯನ್ನೋ?

ನಮ್ಮೂರು ಚಿಗಳ್ಳಿ ಎಲ್ಲಿದೆ ಎಂದು ತಿಳಿಯದವರಿಗೆ ಒಂದು ಮಾತು. ಮುಂಡಗೋಡ ತಾಲೂಕು ಉತ್ತರ ಕನ್ನಡ ಜಿಲ್ಲೆಯ ಹೊಸ್ತಿಲು. ಪಶ್ಚಿಮಕ್ಕೆ ಮುಖ ಮಾಡಿದರೆ ಮಲೆನಾಡು, ಪೂರ್ವಕ್ಕೆ ತಿರುಗಿದರೆ ಬಯಲುಸೀಮೆ. ಕೇಳಲು ಚೆಂದ. ಅನುಭವಿಸುವಾಗ ಏನೆಂದರೆ, ಮಳೆಗಾಲದ ಬೂಷ್ಟು ಮಲೆನಾಡಿನ ಕಡೆಯಿಂದ ಬರುತ್ತದೆ, ಬೇಸಿಗೆಯ ಧೂಳು ಬಯಲುಸೀಮೆ ಕಡೆಯಿಂದ ಬರುತ್ತದೆ, ಎರಡೂ ನಮ್ಮಲ್ಲಿ ಬಂದು ವಸ್ತಿ ಇಳಿಯುತ್ತವೆ. ನಡುವೆ ಗೋವಿನಜೋಳದ ಸುಗ್ಗಿ. ಡಾಂಬರು ರಸ್ತೆಯ ಅರ್ಧಭಾಗ ಜೋಳ ಒಣಗಿಸುವ ಕಣವಾಗುತ್ತದೆ. ರಾಶಿ ಮಾಡುವ ಯಂತ್ರ ಒಂದು ಕಡೆ ಕಾಳು ಉಗುಳಿ ಇನ್ನೊಂದು ಕಡೆ ಹೊಟ್ಟು ಹಾರಿಸುವಾಗ ಅಲ್ಲಿ ಹಾದುಹೋಗುವ ಕಾರಿಗೆ ಬಣ್ಣ ಯಾವುದೆಂದು ಆರ್.ಸಿ. ಪುಸ್ತಕ ನೋಡಿಯೇ ಹೇಳಬೇಕು.

ಈಗ ನನ್ನ ವಿಷಯ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಮಕ್ಕಳಿಗೆ ಗಣಿತ ಎಷ್ಟು ಹತ್ತಿತೋ ಗೊತ್ತಿಲ್ಲ, ನನಗೆ ಮಾತ್ರ ಅಂಟುಜಾಡ್ಯದ ಹಾಗೆ ಹತ್ತಿಕೊಂಡಿತು. 2014ರಲ್ಲಿ ಕಾರು ಕೊಳ್ಳುವಾಗ ಒಂದೇ ಕಾರಿಗೆ ಮೂರು ದರ್ಜೆ ಇದ್ದವು. ಕೆಳಗಿನದಕ್ಕೂ ನಡುವಿನದಕ್ಕೂ ವ್ಯತ್ಯಾಸ 38 ಸಾವಿರ. ನಾನು ಅಲ್ಲೇ ಶೋರೂಮಿನ ಕುರ್ಚಿಯಲ್ಲಿ ಕೂತು 72ರ ಸೂತ್ರ ಹಾಕಿದೆ: ಶೇ. 9ರ ಬಡ್ಡಿಗೆ ಇಟ್ಟರೆ 72 ಭಾಗಿಸು 9, ಎಂಟು ವರ್ಷಕ್ಕೆ ದುಪ್ಪಟ್ಟು. 2022ಕ್ಕೆ 76 ಸಾವಿರ. ಸೇಲ್ಸಿನ ಹುಡುಗ "ಸರ್, ಇದರಲ್ಲಿ ಹಿಂದಿನ ಗಾಜು ಕೈಯಿಂದ ತಿರುಗಿಸಬೇಕು, ಹಾಡಿನ ಪೆಟ್ಟಿಗೆ ಇಲ್ಲ, ಹಿಂದೆ ವೈಪರ್ ಇಲ್ಲ" ಎಂದು ಇಲ್ಲಗಳ ಪಟ್ಟಿ ಓದುತ್ತ ಹೋದಂತೆ ನನ್ನ ಎದೆ ಉಬ್ಬುತ್ತ ಹೋಯಿತು. ಒಂದೊಂದು 'ಇಲ್ಲ'ವೂ ನನ್ನ ಕಿಸೆಗೆ ಬೀಳುವ ನಾಣ್ಯದಂತೆ ಕೇಳಿಸಿತು. ಆ 38 ಸಾವಿರವನ್ನು ಬ್ಯಾಂಕಿನಲ್ಲಿ ಇಟ್ಟೆಯಾ ಎಂದು ಕೇಳಬೇಡಿ. ಹೆಂಡತಿ ಕೇಳಿಯಾಗಿದೆ.

ವಾಸನೆ ತಡೆಯಲಾರದೆ 2025ರ ಆಷಾಢ ಮುಗಿಯುವ ಹೊತ್ತಿಗೆ ಮುಂಡಗೋಡದ ನಮ್ಮ ಮೆಕ್ಯಾನಿಕ್ ಹುಡುಗನ ಬಳಿ ಹೋದೆ. ಅವನು ನನ್ನ ಹಳೇ ವಿದ್ಯಾರ್ಥಿ. ಬೀಜಗಣಿತದಲ್ಲಿ ನಪಾಸು ಮಾಡಿದ್ದೆ; ಅದನ್ನು ಅವನು ಮರೆತಿಲ್ಲ. ಕಾರಿನೊಳಗೆ ತಲೆ ಹಾಕಿ ಒಮ್ಮೆ ಮೂಸಿ, "ಸರ, ಕ್ಯಾಬಿನ್ ಫಿಲ್ಟರ್ ಹೋಗೇತ್ರಿ" ಎಂದ.

"ಎಲ್ಲಿಗೆ?" ಎಂದೆ.

ಅವನಿಗೆ ಸಿಕ್ಕಿದ್ದು ಒಳ್ಳೇ ಅವಕಾಶ. ಹದಿನೆಂಟು ವರ್ಷದ ಸೇಡನ್ನು ಪಾಠ ಹೇಳುವ ಮೂಲಕ ತೀರಿಸಿಕೊಂಡ. "ವೈಪರ್ ಇರ್ತಾವಲ್ರಿ ಸರ, ಅದರ ಬುಡಕ್ಕ ಜಾಲರಿ ಐತಿ. ಹೊರಗಿನ ಗಾಳಿ ಅಲ್ಲಿಂದ ಒಳಗ ಬರತೈತಿ. ಫ್ಯಾನ್ ಎಳೀತೈತಿ, ಫಿಲ್ಟರ್ ಸೋಸತೈತಿ, ಕಾಯಿಲ್ ತಣ್ಣಗ ಮಾಡತೈತಿ, ಆಮ್ಯಾಲೆ ನಿಮ್ಮ ಮಾರಿಗೆ ಬಡೀತೈತಿ. ತಿಳೀತ್ರಿ?" ತಿಳೀತು ಎಂದೆ. "ಇಂಜಿನ್‌ಗೊಂದು ಏರ್ ಫಿಲ್ಟರ್ ಬ್ಯಾರೆ ಐತಿ. ಅದನ್ನ ನೀವು ಹೊತ್ತಿಗೆ ಸರಿಯಾಗಿ ಬದ್ಲಿ ಮಾಡಿಸೀರಿ. ಇದು ಮನಿ ಮಂದೀದು." ನಾನು ಹತ್ತಿರದ ಟೈರಿನ ಮೇಲೆ ಕೂತೆ. ಇಂಜಿನ್ನಿನ ಶ್ವಾಸಕೋಶದ ಬಗ್ಗೆ ನನಗಿದ್ದ ಕಾಳಜಿ ಹೆತ್ತವ್ವನ ಶ್ವಾಸಕೋಶದ ಬಗ್ಗೆ ಇರಲಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಸ್ಪ್ಯಾನರ್ ಒರೆಸುವ ರೀತಿಯಲ್ಲೇ ಹೇಳಿದ.

ಇನ್ನೊಂದನ್ನೂ ಅವನೇ ಕಂಡುಹಿಡಿದ. ಎ.ಸಿ. ಪಕ್ಕದಲ್ಲಿ ಬಾಣ ಸುತ್ತಿಕೊಂಡ ಚಿತ್ರದ ಒಂದು ಗುಂಡಿ ಇರುತ್ತದಲ್ಲ, ಒಳಗಿನ ಗಾಳಿಯನ್ನೇ ತಿರುಗಿ ತಿರುಗಿ ತಣ್ಣಗೆ ಮಾಡುವಂಥದ್ದು. ಪೆಟ್ರೋಲ್ ಉಳಿಯುತ್ತದೆಂದು ನಾನು ಅದನ್ನು 2014ರಲ್ಲಿ ಒತ್ತಿದವನು ಮತ್ತೆ ಬಿಟ್ಟಿರಲಿಲ್ಲ. ಅಂದರೆ ಅವ್ವನ ಸೀನು ಹೆಂಡತಿಗೆ, ಹೆಂಡತಿಯದು ನನಗೆ, ನನ್ನದು ಪುನಃ ಅವ್ವನಿಗೆ. ಹನ್ನೊಂದು ವರ್ಷ ಮನೆಯ ಸೀನು ಮನೆಯಲ್ಲೇ ಉಳಿದಿದೆ, ಒಂದು ಹನಿ ಪೋಲಾಗಿಲ್ಲ.

"ಎಷ್ಟಾಗತೈತಿ?" ಎಂದೆ.

"ಫಿಲ್ಟರ್ 320, ಹಚ್ಚಾಕ 150. 470 ಆಗತೈತ್ರಿ."

ಇಲ್ಲಿ ಕಥೆ ಮುಗಿಯಬೇಕಿತ್ತು. 470 ಕೊಟ್ಟಿದ್ದರೆ ಅವತ್ತೇ ಏನಿದೆ ಏನಿಲ್ಲ ಎಂಬುದು ಬಯಲಾಗುತ್ತಿತ್ತು. ನಾನು ಬಿಡಿಭಾಗದ ಅಂಗಡಿಯಲ್ಲಿ ಒಂದು ಮಾತು ವಿಚಾರಿಸಿ ಬರುತ್ತೇನೆಂದು ಹೊರಟೆ.

ಅಂಗಡಿಯಲ್ಲಿ ನನಗಿಂತ ಮುಂದೆ ಒಬ್ಬ ಟಿಬೆಟಿ ಭಿಕ್ಕು ನಿಂತಿದ್ದರು. ಮುಂಡಗೋಡದ ಟಿಬೆಟನ್ ಕಾಲೊನಿ 1966ರದು; ಡ್ರೆಪುಂಗ್, ಗಂಡೆನ್‌ನಂಥ ದೊಡ್ಡ ಮಠಗಳೇ ಅಲ್ಲಿ ಬಂದು ನೆಲೆಸಿವೆ. ಪೇಟೆಗೆ ಬರುವ ಭಿಕ್ಕುಗಳ ಕನ್ನಡ ಕೇಳಿದರೆ ಬೆಂಗಳೂರಿನಲ್ಲಿರುವ ನನ್ನ ಮಗ ನಾಚಬೇಕು. ಅಂಗಡಿಯವನು ಸಾದಾ 320, ಕಾರ್ಬನ್ 580 ಎಂದ. ಕಾರ್ಬನ್ನಿನದರಲ್ಲಿ ಹದ ಮಾಡಿದ ಇದ್ದಲಿಯ ಪುಡಿ ಇರುತ್ತದೆ, ಅದರ ಸಣ್ಣ ಸಣ್ಣ ತೂತುಗಳು ಧೂಳಿನ ಜೊತೆ ವಾಸನೆಯನ್ನೂ ಹೀರಿಕೊಳ್ಳುತ್ತವಂತೆ. ಭಿಕ್ಕು ಒಂದು ಕ್ಷಣವೂ ಯೋಚಿಸದೆ "ಎರಡು ಗಾಡಿಗೆ ಎರಡು ಕಾರ್ಬನ್ ಕೊಡ್ರಿ" ಎಂದು ದುಡ್ಡು ಕೊಟ್ಟು ನಡೆದೇಬಿಟ್ಟರು. ಸಂಸಾರ ಬಿಟ್ಟವರು ಕಾರ್ಬನ್ ಒಯ್ದರು. ಸಂಸಾರದ ವಾಸನೆಯಲ್ಲಿ ಮುಳುಗಿದ್ದ ನಾನು ಸಾದಾದ್ದರ ಡಬ್ಬಿ ಹಿಡಿದು, ಅದರ ಮೇಲಿನ ಬೆಲೆಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡುತ್ತ ನಿಂತಿದ್ದೆ. ಇದ್ದಲಿಗೆ 260 ರೂಪಾಯಿ ಹೆಚ್ಚು! ನಮ್ಮವ್ವ ಹಲ್ಲುಜ್ಜಿದ ಇದ್ದಲಿಯ ಲೆಕ್ಕ ಹಾಕಿದರೆ ಅವಳು ಕೋಟ್ಯಧೀಶೆ.

ಅಷ್ಟರಲ್ಲಿ ಆಗಸ್ಟ್ 15 ಬಂತು. ಕೆಂಪುಕೋಟೆಯ ಭಾಷಣದಲ್ಲಿ ಪ್ರಧಾನಿ ಜಿಎಸ್‌ಟಿ ಇಳಿಯುತ್ತದೆ ಎಂದರು. ದೇಶದ ಜನ ಟಿ.ವಿ., ಫ್ರಿಜ್ಜು, ಕಾರು ಎಂದು ಕನಸು ಕಂಡರು. ನಾನು ಕಂಡದ್ದು ಕ್ಯಾಬಿನ್ ಫಿಲ್ಟರಿನ ಕನಸು. 320ರಲ್ಲಿ ಮೂಲ ಬೆಲೆ 250, ಶೇ. 28ರ ತೆರಿಗೆ 70. ತೆರಿಗೆ ಶೇ. 18ಕ್ಕೆ ಇಳಿದರೆ 45. ಉಳಿತಾಯ 25 ರೂಪಾಯಿ. "ಸ್ವಲ್ಪ ದಿನ ತಡೀರಿ, ಅವಸರ ಮಾಡಬ್ಯಾಡ್ರಿ" ಎಂದು ಮನೆಯವರಿಗೆ ಹೇಳಿದೆ. ತಡೆದರು. ಗಣೇಶ ಚೌತಿಗೆ ಸೀನುತ್ತ ಹೋಗಿ ಸೀನುತ್ತ ಬಂದೆವು. ಸೆಪ್ಟೆಂಬರ್ 3ರಂದು ಮಂಡಳಿ ಒಪ್ಪಿತು, ಎಲ್ಲ ವಾಹನಗಳ ಬಿಡಿಭಾಗಕ್ಕೂ ಶೇ. 18 ಎಂದಾಯಿತು, ಜಾರಿ 22ನೇ ತಾರೀಖಿಗೆ. ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಜನ ಘಟಸ್ಥಾಪನೆ ಮಾಡುತ್ತಿದ್ದರೆ ನಾನು ಅಂಗಡಿಯ ಬಾಗಿಲಲ್ಲಿದ್ದೆ. "ಖಾಲಿ ಆತ್ರಿ ಸರ" ಎಂದ ಅಂಗಡಿಯವನು.

ಆ ಸಿಟ್ಟಿನಲ್ಲಿ ಮೊಬೈಲಿನಲ್ಲಿ ಹುಡುಕಿದೆ. ನಮ್ಮ ಕಾರಿನ ಹೆಸರಿನದೇ ಎಂಟು ಬಗೆಯ ಫಿಲ್ಟರು ಬಂದವು. ತಯಾರಾದ ವರ್ಷ ನೋಡಬೇಕಿತ್ತು, ನಾನು ಬೆಲೆ ನೋಡಿದೆ. 249. ಮನೆಗೇ ತಂದುಕೊಟ್ಟರು. ಒಳ್ಳೇ ದಿನ ನೋಡಿ ಹಚ್ಚೋಣ ಎಂದು ದಸರಾ ಮುಗಿಯುವವರೆಗೆ ದೇವರ ಮನೆಯ ಮಾಡದಲ್ಲಿಟ್ಟೆ. ಆಯುಧಪೂಜೆಯ ದಿನ ಅದಕ್ಕೂ ಎರಡೆಳೆ ವಿಭೂತಿ ಬಿತ್ತು. ಹಬ್ಬ ಕಳೆದು ಮೆಕ್ಯಾನಿಕ್ಕಿಗೆ ತೋರಿಸಿದರೆ ಅವನು ಡಬ್ಬಿಯನ್ನೂ ಬಿಚ್ಚದೆ, "ಇದು ಹೊಸಾ ಮಾಡಲ್‌ದ್ರಿ, ಎರಡು ಬೆರಳು ಉದ್ದ ಐತಿ" ಎಂದ. ವಾಪಸು ಕಳಿಸುವ ಅವಧಿ ಅಷ್ಟರಲ್ಲಿ ದಾಟಿಹೋಗಿತ್ತು. ಅವ್ವ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, ನೆರಿಗೆ ನೆರಿಗೆ ಕಾಗದ ಚಲೋ ಐತಿ ಎಂದು ಹಿತ್ತಲಿಗೆ ಒಯ್ದಳು. ಈಗ ನೀರೊಲೆಗೆ ಗಾಳಿ ಹಾಕಲು ಅದೇ ಬೀಸಣಿಗೆ. ಗಾಳಿಗೆ ಸಂಬಂಧಪಟ್ಟ ಕೆಲಸವೇ ಸಿಕ್ಕಿತಲ್ಲ ಎಂಬುದಷ್ಟೇ ನನ್ನ ಸಮಾಧಾನ.

ಮಗನಿಗೆ ಫೋನಿನಲ್ಲಿ ಹೇಳಿದೆ. ಅವನು ಬೆಂಗಳೂರಿನ ಕಂಪ್ಯೂಟರ್ ಕಂಪನಿಯವನು, ಅಪ್ಪನ ಯಾವ ಕಷ್ಟಕ್ಕೂ ಅವನ ಬಳಿ ಅಮೆರಿಕದ ಉದಾಹರಣೆ ಇರುತ್ತದೆ. 1938ರಷ್ಟು ಹಿಂದೆಯೇ ಅಲ್ಲಿನ ನ್ಯಾಶ್ ಕಾರಿನಲ್ಲಿ ಹೊರಗಿನ ಗಾಳಿಯನ್ನು ಸೋಸಿ ಬೆಚ್ಚಗೆ ಮಾಡಿ ಒಳಗೆ ಬಿಡುತ್ತಿದ್ದರಂತೆ. 2015ರಲ್ಲಿ ಬಂದ ಟೆಸ್ಲಾ ಕಾರೊಂದರಲ್ಲಿ ಜೈವಿಕ ಅಸ್ತ್ರದ ದಾಳಿಯಿಂದ ಕಾಪಾಡುವ ಗುಂಡಿಯೇ ಇದೆಯಂತೆ. "ಅಪ್ಪ, ನಿಮಗೆ ಅದೇ ಬೇಕು" ಎಂದ. "ದಾಳಿ ಹೊರಗಿನಿಂದ ಆದರ ಅದು ಕೆಲಸಕ್ಕ ಬರತೈತಿ. ಇಲ್ಲಿ ಇವರ ಕಾಲುಚೀಲ ಒಳಗ ಐತಲ್ಲ" ಎಂದು ಹಿಂದಿನಿಂದ ಹೆಂಡತಿ ಕೂಗಿದಳು. ಮಾತು ಅಲ್ಲಿಗೆ ನಿಂತಿತು.

ಉಳಿದದ್ದು ಹುಬ್ಬಳ್ಳಿ. ಕಾರಿನಲ್ಲಿ ಹೋದರೆ ಆರು ಲೀಟರ್ ಪೆಟ್ರೋಲ್, ಆರು ನೂರು ದಾಟುತ್ತದೆ. 295ರ ಫಿಲ್ಟರಿಗೆ ಆರು ನೂರರ ಪೆಟ್ರೋಲೇ? ಬಸ್ಸಿಗೆ ಹೋಗುತ್ತೇನೆಂದೆ. "ನಾನೂ ಬರತೇನಿ" ಎಂದಳು ಹೆಂಡತಿ. ಬೇಡ ಎನ್ನಲು ಕಾರಣ ಹುಡುಕಿದೆ. ಟಿಕೆಟ್ ಖರ್ಚು ಎನ್ನುವಂತಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ಶಕ್ತಿ ಯೋಜನೆ ಎಂಬ ಹೆಸರಿಟ್ಟವರು ಯಾರೋ, ಮನೆಮನೆಯ ಒಳಗುಟ್ಟು ತಿಳಿದವರೇ ಇರಬೇಕು. ಅವಳದು ಸೊನ್ನೆ, ನನ್ನದು ಹೋಗಿಬರಲು 140.

ಹುಬ್ಬಳ್ಳಿಯಲ್ಲಿ ಫಿಲ್ಟರ್ ಸಿಕ್ಕಲು ಹಿಡಿದದ್ದು ಏಳು ನಿಮಿಷ. ಸರಿಯಾದ ವರ್ಷದ್ದು, ಸರಿಯಾದ ಅಳತೆಯದು, ಹೊಸ ತೆರಿಗೆಯ ಲೆಕ್ಕದಲ್ಲಿ ಕರೆಕ್ಟಾಗಿ 295. ಗೆದ್ದ ಖುಷಿಯಲ್ಲಿ ದುರ್ಗದ ಬೈಲಿಗೆ ಹೋಗಿ ಗಿರ್ಮಿಟ್, ಮಿರ್ಚಿ, ಚಹಾ, 120. ಅಲ್ಲಿಂದ ಎದ್ದಾಗ ಹೆಂಡತಿ, "ದೀಪಾವಳಿ ಹದಿನೈದು ದಿನ ಐತಿ. ಬಂದದ್ದು ಬಂದೇವಿ" ಎಂದಳು. ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ಬಂದದ್ದು ಬಂದೇವಿ' ಎಂಬ ಎರಡು ಪದಕ್ಕೆ ಅವತ್ತಿನ ಬೆಲೆ 2,450 ರೂಪಾಯಿ, ಅಂಚು ಜರಿಯದು.

ಹಚ್ಚುವ ಕೂಲಿ 150 ಉಳಿಸಬೇಕೆಂಬ ಹಟ ಇನ್ನೂ ನನ್ನೊಳಗೆ ಜೀವಂತವಾಗಿತ್ತು. ಮಗ ವಿಡಿಯೊ ಕರೆಯಲ್ಲಿ ನೋಡುತ್ತ ಹೇಳಿಕೊಡುವುದೆಂದಾಯಿತು. ಎಡಗಡೆ ಸೀಟಿನ ಮುಂದಿನ ಗ್ಲೋವ್ ಬಾಕ್ಸ್ ಬಿಚ್ಚಬೇಕು, ಅದರ ಹಿಂದೆ ಫಿಲ್ಟರ್ ಕೂತಿರುತ್ತದೆ. ಮೊದಲು ಬಾಕ್ಸ್ ಖಾಲಿ ಮಾಡಿ ಎಂದ. ಅವ್ವ ಮೊರ ತಂದಿಟ್ಟಳು.

ಆ ಪೆಟ್ಟಿಗೆಯಿಂದ ಬಂದದ್ದನ್ನು ನೋಡಿದರೆ ಪ್ರಾಚ್ಯವಸ್ತು ಇಲಾಖೆಯವರನ್ನು ಕರೆಸಬೇಕಿತ್ತು. ಮುಚ್ಚಳವಿಲ್ಲದ ಪೆನ್ನು ನಾಲ್ಕು. 2018ರ ಶಿರಸಿ ಮಾರಿಕಾಂಬಾ ಜಾತ್ರೆಯ ಕುಂಕುಮದ ಪೊಟ್ಟಣ, ಅರ್ಧ ಒಡೆದದ್ದು. ಕಲ್ಲಿನಂತಾದ ಎರಡು ಶುಂಠಿ ಪೆಪ್ಪರ್‌ಮಿಂಟು. ಯಾರದೋ ಮದುವೆಯ ಆಮಂತ್ರಣ. ಆ ಹುಡುಗಿಯ ಮಗ ಈಗ ಮೂರನೇ ಇಯತ್ತೆ. ಅಡಿಕೆ ಹೋಳು, ಹೊಗೆ ತಪಾಸಣೆಯ ಐದು ಚೀಟಿ, ಅವಧಿ ಮುಗಿದ ಇನ್ಶೂರೆನ್ಸು. ಯಾವುದರ ಸಲುವಾಗಿ ಹೆಂಡತಿ ಆರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳೋ ಅವಳ ಆ ತಂಪು ಕನ್ನಡಕ, ಕಾಲು ಮುರಿದದ್ದು. ತಳದಲ್ಲಿ ಮಡಿಚಿದ ಕಾಗದಗಳ ಒಂದು ಕಟ್ಟು. ಎಲ್ಲವೂ ಮೊರಕ್ಕೆ, ಮೊರ ಕಟ್ಟೆಗೆ.

"ಅಪ್ಪ, ಎರಡೂ ಬದಿ ಒಳಗೆ ಒತ್ತಿ ಮೆಲ್ಲಗೆ ಎಳೀರಿ" ಎಂದ ಮಗ. ಎಳೆದೆ. ಮೆಲ್ಲಗೆ ಎಂಬುದು ಗಣಿತದ ಪದವಲ್ಲ. ಎಷ್ಟು ಎಂದು ಅವನು ಹೇಳಬೇಕಿತ್ತು. ಟಕ್ ಎಂದಿತು. ಬಾಕ್ಸಿನ ಬಾಯಿಯನ್ನು ತಡೆದು ಹಿಡಿಯುವ ಪ್ಲಾಸ್ಟಿಕ್ಕಿನ ಕೊಂಡಿ ಕೈಗೆ ಬಂತು. (ಆಮೇಲೆ ವಿಚಾರಿಸಿದಾಗ, ಆ ಕೊಂಡಿ ಬಿಡಿಯಾಗಿ ಸಿಗುವುದಿಲ್ಲ, ಜೊತೆಗೆ ಅದರ ಇಡೀ ಪಟ್ಟಿ ಕೊಳ್ಳಬೇಕು, 380.) ಇರಲಿ, ಬಾಕ್ಸ್ ಕೆಳಗೆ ಬಿತ್ತು. ಹಿಂದೆ ಕಪ್ಪು ಗೂಡು ಕಂಡಿತು. ಟಾರ್ಚ್ ಹಿಡಿದು ನೋಡಿದೆ. ಉದ್ದಕ್ಕೆ ಒಂದು ಚೌಕದ ಗುರುತು ಇದೆ. ಮುಚ್ಚಳ ಇಲ್ಲ, ಕೊಕ್ಕೆ ಇಲ್ಲ, ಬಾಗಿಲೂ ಇಲ್ಲ. ಗೋಡೆಯ ಮೇಲೆ ಸುಣ್ಣದಿಂದ ಬಾಗಿಲಿನ ಚಿತ್ರ ಬರೆದ ಹಾಗೆ.

ಮಗ ಅಲ್ಲಿಂದ ನೋಡಿ ಸುಮ್ಮನಾದ. ನನ್ನ ಮಗ ಸುಮ್ಮನಾಗುವುದು ಅಪರೂಪ. "ಅಪ್ಪ, ಅದು ಸೀಲ್ ಆಗಿ ಬಂದಿದೆ. ನಿಮ್ಮ ಮಾಡೆಲ್‌ನಲ್ಲಿ ಫಿಲ್ಟರ್ ಹಾಕೇ ಇಲ್ಲ."

ಹನ್ನೊಂದು ವರ್ಷ ನಮ್ಮ ಕಾರಿಗೆ ಮೂಗೇ ಇರಲಿಲ್ಲ.

ಇಷ್ಟಕ್ಕೇ ಆಗಿದ್ದರೆ ಒಳಗೊಳಗೇ ನುಂಗುತ್ತಿದ್ದೆ. ಆದರೆ ನಾನು ಮೇಷ್ಟ್ರು, ಕಾಗದ ಬಿಸಾಡುವ ಜಾತಿಯಲ್ಲ. ಸರ್ವೀಸಿನ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಇವೆ. ಹೋಗಿ ತೆಗೆದೆ. 'ಎ.ಸಿ. ಫಿಲ್ಟರ್ ಕ್ಲೀನಿಂಗ್, 150 ರೂ.' ಒಂದು ಬಿಲ್ಲಿನಲ್ಲಲ್ಲ, ಒಂಬತ್ತರಲ್ಲಿ. ಯಾವ ಊರಿನ ಯಾವ ಸರ್ವೀಸಿನವರು ಎಂದು ಕೇಳಬೇಡಿ; ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದು. ಪ್ರತಿ ವರ್ಷ ಕೌಂಟರಿನಲ್ಲಿ ನಿಂತು, "ಬದಲಿ ಗಿದಲಿ ಏನೂ ಬ್ಯಾಡ, ಬರೇ ಕ್ಲೀನ್ ಮಾಡ್ರಿ ಸಾಕು" ಎಂದು ಗದರಿಸಿ ಬರುತ್ತಿದ್ದವನು ನಾನೇ. ನನ್ನ ಗಡಸು ದನಿಗೆ ಹೆದರಿ ಅವರು ಇಲ್ಲದ್ದನ್ನೂ ತೊಳೆದುಕೊಟ್ಟರು. 150 ಗುಣಿಸು 9. 1,350. ಇಲ್ಲದ ಫಿಲ್ಟರ್ ತೊಳೆದ ದುಡ್ಡಿಗೆ ಇರುವ ಫಿಲ್ಟರು ನಾಲ್ಕು ಬರುತ್ತಿದ್ದವು.

ಹೆಂಡತಿ ಬಿಲ್ಲುಗಳನ್ನು ಒಂದೊಂದಾಗಿ ಎಣಿಸಿ, "ನಮ್ಮೂರಾಗ ಇದೇನು ಹೊಸಾದಲ್ಲ ತಗೀರಿ" ಎಂದಳು. ಅವಳ ಮಾತಿನ ಮೊನೆ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಚಿಗಳ್ಳಿಯ ಹೆಸರು ದೂರದ ಊರುಗಳಿಗೆ ಹೋದದ್ದು ದೀಪನಾಥೇಶ್ವರ ದೇವಸ್ಥಾನದಿಂದ. ಎಣ್ಣೆಯಿಲ್ಲದೆ ಉರಿಯುತ್ತವೆಂದು ನಾಲ್ಕು ದಶಕಕ್ಕೂ ಮಿಕ್ಕಿ ಜನ ನಂಬಿ, ನಡೆದುಕೊಂಡ ದೀಪಗಳು ಅಲ್ಲಿದ್ದವು. 2025ರ ಆರಂಭದಲ್ಲಿ ಅವು ಆರಿದವು, ಊರು ಮನೆಯಲ್ಲಿ ಸಾವಾದಂತೆ ಕೆಲವು ದಿನ ಮಾತು ಕಡಿಮೆ ಮಾಡಿತ್ತು. ಆ ದೀಪಗಳ ಬಗ್ಗೆ ನಾನು ಹಗುರವಾಗಿ ಮಾತಾಡುವವನಲ್ಲ. ಹೆಂಡತಿಯೂ ಅಲ್ಲ; ಅವಳು ವಾರ ಹಿಡಿದು ಅಲ್ಲಿ ಕೈಮುಗಿದು ಬಂದವಳು. ಅವಳ ಗುರಿ ನಾನು. "ಅಲ್ಲಿ ಎಣ್ಣಿ ಇಲ್ಲದ ದೀಪಕ್ಕ ಯಾರೂ ಎಣ್ಣಿ ಬಿಲ್ ಕೊಡಲಿಲ್ಲ. ನೀವು ಫಿಲ್ಟರ್ ಇಲ್ಲದ ಫಿಲ್ಟರಿಗೆ ಒಂಬತ್ತು ವರ್ಷ ಕೊಟ್ಟೀರಿ" ಎಂದಳು.

ಮರುದಿನ ಕಾರು ಮೆಕ್ಯಾನಿಕ್ಕಿನ ಮುಂದೆ. ಬೀಜಗಣಿತದ ಶಿಷ್ಯ ಕಷ್ಟಪಟ್ಟು ನಗು ತಡೆದ. ಕೆಳದರ್ಜೆಯ ಕೆಲವು ಮಾದರಿಗಳು ಹೀಗೇ ಬರುತ್ತವಂತೆ: ಗೂಡು ಒಂದೇ ಅಚ್ಚಿನದು, ಮೇಲಿನ ದರ್ಜೆಯವರಿಗೆ ಫಿಲ್ಟರ್ ಇಟ್ಟು ಮುಚ್ಚಳ ಹಾಕುತ್ತಾರೆ, ನಮ್ಮಂಥವರಿಗೆ ಬಾಯಿ ಹೊಲಿದು ಕಳಿಸುತ್ತಾರೆ. ಬೇಕಾದವರು ಗುರುತಿನ ಗುಂಟ ಪ್ಲಾಸ್ಟಿಕ್ ಕೊಯ್ದು, ಫಿಲ್ಟರ್ ತುರುಕಿ, ಮುಚ್ಚಳ ಬೇರೆ ತರಿಸಿ ಹಚ್ಚಬೇಕು. ಮುಚ್ಚಳ 80, ಹುಬ್ಬಳ್ಳಿಯಿಂದ ಬರಬೇಕು. ಕೊಯ್ದು ಹಚ್ಚಲು 300. ಮೊದಲು 150 ಅಂದಿದ್ದೆಯಲ್ಲ ಎಂದೆ. "ಅದು ಇದ್ದ ಮೂಗು ತೊಳ್ಯಾಕ್ರಿ ಸರ. ಇದು ಹೊಸಾ ಮೂಗು ಕೊರ್ಯಾದು" ಎಂದ. ತರ್ಕ ಸರಿಯಾಗಿತ್ತು. ಹತ್ತನೇ ಇಯತ್ತೆಯಲ್ಲಿ ಈ ತರ್ಕ ಎಲ್ಲಿ ಬಚ್ಚಿಟ್ಟಿದ್ದನೋ.

ಬ್ಲೇಡು ಹಚ್ಚಿ ಕೊಯ್ದು, ಆ ಕಿಂಡಿಯೊಳಗೆ ಕೈ ಹಾಕಿದವನು ಒಂದು ಹಿಡಿ ಹೊರಗೆ ತೆಗೆದ. ಮತ್ತೊಂದು ಹಿಡಿ. ಫಿಲ್ಟರ್ ಇಲ್ಲದ್ದರಿಂದ ಹನ್ನೊಂದು ವರ್ಷದ ಧೂಳು, ಹೊಟ್ಟು ಎಲ್ಲ ನೇರವಾಗಿ ಹೋಗಿ ತಂಪಿನ ಕಾಯಿಲಿಗೆ ಮೆತ್ತಿಕೊಂಡಿತ್ತು. ಎ.ಸಿ. ನಡೆಯುವಾಗ ಕಾಯಿಲ್ ಬೆವರುತ್ತದೆ, ಬೆವರಿಗೆ ಧೂಳು ಅಂಟುತ್ತದೆ, ಧೂಳಿಗೆ ಬೂಷ್ಟು ಹಿಡಿಯುತ್ತದೆ. ವಾಸನೆಯ ಮೂಲ ಅದು. ನನ್ನ ಕಾಲುಚೀಲ ನಿರಪರಾಧಿ, ಅವ್ವನ ಎಣ್ಣೆಯೂ ನಿರಪರಾಧಿ. ಅವನು ಹಳೇ ಪತ್ರಿಕೆಯ ಮೇಲೆ ಹರಡಿದ್ದನ್ನು ನೋಡುತ್ತ ನಿಂತೆವು. ಗೋವಿನಜೋಳದ ತೆನೆಯ ಕೂದಲು, ಭತ್ತದ ಹೊಟ್ಟು, ಸಾಗವಾನಿ ಎಲೆಯ ಚೂರು, ಕೆಂಪು ಮಣ್ಣು, ಒಂದು ಒಣಗಿದ ಜೇಡ. ಬಯಲುಸೀಮೆ, ಮಲೆನಾಡು ಎರಡೂ ಅಂಗೈ ಅಗಲದಲ್ಲಿ. ಇಲಿಯೊಂದು ಬಾಣಂತನಕ್ಕೆಂದು ಹಾಸಿದ್ದ ಹತ್ತಿಯೂ ಇತ್ತು. ಇಲಿ ಇರಲಿಲ್ಲ, ಅದಕ್ಕೂ ವಾಸನೆ ತಡೆದಿರಲಿಕ್ಕಿಲ್ಲ. ಹೆಂಡತಿ ಬಗ್ಗಿ ನೋಡಿ, "ಇದರಾಗ ಕೆಸರೂ ಐತಿ" ಎಂದಳು. 2019ರ ಮತವನ್ನು ಅವಳು ಇನ್ನೂ ಬಿಟ್ಟಿರಲಿಲ್ಲ. ಕಾಯಿಲ್ ಪೂರ್ತಿ ಬಿಚ್ಚಿ ತೊಳೆದು ಕೂರಿಸಲು 1,800.

ಸಂಜೆ ಕಟ್ಟೆಯ ಮೇಲೆ ಕೂತು ಲೆಕ್ಕ ಬರೆದೆ. ತಪ್ಪು ಫಿಲ್ಟರ್ 249, ಬಸ್ಸು 140, ಸರಿ ಫಿಲ್ಟರ್ 295, ಮುಚ್ಚಳ 80, ಗಿರ್ಮಿಟ್ 120, ಸೀರೆ 2,450, ಕೊಂಡಿಪಟ್ಟಿ 380, ಕಾಯಿಲ್ 1,800, ಮೂಗು ಕೊರೆದದ್ದು 300. ಒಟ್ಟು 5,814. ಇಲ್ಲದ್ದನ್ನು ತೊಳೆದ 1,350 ಸೇರಿದರೆ 7,164. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ನನ್ನದು ಇಲ್ಲದ ಮೂಗಿಗೆ ನತ್ತು, ಅದೂ ಒಂಬತ್ತು ವರ್ಷ ಪಾಲಿಶ್ ಮಾಡಿಸಿದ್ದು.

"ಸೀರಿ ಯಾಕ ಹಿಡದೀರಿ ಇದರಾಗ?" ಎಂದಳು ಹೆಂಡತಿ.

"ಪರೋಕ್ಷ ವೆಚ್ಚ" ಎಂದೆ. "ಫಿಲ್ಟರ್ ತರಾಕ ಹೋಗದಿದ್ರ ಸೀರಿ ಬರತಿದ್ದಿಲ್ಲ."

"ಹಂಗಾದರ ಇದನ್ನೂ ಬರಕೊಳ್ರಿ. ನಿಮಗ ಕೊಟ್ಟು ಮದುವಿ ಮಾಡದಿದ್ರ ಆ ಕಾರಿನಾಗ ನಾನು ಕೂಡತಿದ್ದಿಲ್ಲ. ಅದು ಎಷ್ಟಾಗತೈತಿ?"

ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ. ಹುಡುಕುವಾಗ ತಪ್ಪೊಂದು ಮಾಡಿದೆ: ಮೊರ ಅವಳ ಕಡೆ ಸರಿಸಿದೆ. ಅವಳು ಗ್ಲೋವ್ ಬಾಕ್ಸಿನ ತಳದ ಕಾಗದದ ಕಟ್ಟನ್ನು ಬಿಚ್ಚಿ ಒಂದೊಂದೇ ನೋಡುತ್ತ ಹೋದಳು. ಒಂದನ್ನು ಬೆಳಕಿಗೆ ಹಿಡಿದಳು. ನುಣುಪು ಕಾಗದ, ಬಣ್ಣದ ಕಾರು, 2014ರ ಬೆಲೆಪಟ್ಟಿಯ ಪುಸ್ತಿಕೆ. ಶೋರೂಮಿನಲ್ಲಿ ಕೂತು 72ರ ಸೂತ್ರ ಹಾಕಿದ್ದು ಅದರ ಅಂಚಿನಲ್ಲೇ. ಒಳಗೆ ಮೂರು ದರ್ಜೆಗೆ ಮೂರು ಅಂಕಣ, ಇದ್ದದ್ದಕ್ಕೆ ಸರಿ ಗುರುತು, ಇಲ್ಲದ್ದಕ್ಕೆ ಗೀಟು. ನಮ್ಮ ಅಂಕಣದ ಪ್ರತಿಯೊಂದು ಗೀಟಿನ ಪಕ್ಕದಲ್ಲೂ ಉತ್ತರಪತ್ರಿಕೆ ತಿದ್ದಿದ ಹಾಗೆ ಕೆಂಪು ಇಂಕಿನಲ್ಲಿ ಏನೋ ಬರೆದಿತ್ತು. ಹಾಡಿನ ಪೆಟ್ಟಿಗೆ: 'ನಾನೇ ಹಾಡುವೆ'. ಹಿಂದಿನ ವೈಪರ್: 'ಹಿಂದೆ ನೋಡುವುದಿಲ್ಲ'. ಅವಳ ಬೆರಳು ಕೆಳಗೆ ಕೆಳಗೆ ಇಳಿದು ಒಂದು ಕಡೆ ನಿಂತಿತು.

"ಗಾಳಿ ಫಿಲ್ಟರ್" ಎಂದು ಗಟ್ಟಿಯಾಗಿ ಓದಿದಳು. "ಹಳ್ಳಿ ಗಾಳಿ ಶುದ್ಧ. ಬೇಡ." ಕೆಳಗೆ ನನ್ನ ಪೂರ್ತಿ ಸಹಿ ಇತ್ತು, ತಾರೀಖು ಸಮೇತ.

ಒಳಗೆ ಅಡುಗೆಮನೆಯಲ್ಲಿ ಅವ್ವ ಸೀನಿದಳು. ಒಂದೇ.

ನಾನು ಎರಡನೆಯದಕ್ಕೆ ಕಾಯುತ್ತ ಕೂತೆ.